ಹಳೆಯ ಕಚೇರಿಗೆ ಹೊಸ ಮಿತವ್ಯಯ

ಜಯನಗರದ ಹಳೆಯ ಕಚೇರಿಯೊಂದರಲ್ಲಿ ಕೈ ತೊಳೆಯಲು ನಲ್ಲಿಯನ್ನು ತಿರುಗಿಸುತ್ತೇವೆ. ಆಗ ವೆಚ್ಚವಾಗುವುದು ನೀರು ಮಾತ್ರವೆ? ಅಲ್ಲ, ವಿದ್ಯುತ್ತೂ ವೆಚ್ಚವಾಗುತ್ತದೆ. ಅದು ಹೇಗೆಂಬುದನ್ನು ವಿಚಾರಿಸೋಣ.

ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ ಸಾಗಿ, ಸುಮಾರು 500 ಮೀಟರು ಮೇಲೇರಿ ಬರುತ್ತದೆ. ಸಾವಿರ ಲೀಟರು ನೀರಿನ ರಾಶಿ 1,000 ಕಿಲೋಗ್ರಾಂ. ಇದನ್ನು ಅಷ್ಟು ಎತ್ತರಕ್ಕೆ ಏರಿಸಲು 1,000 × 9.8 × 500, ಎಂದರೆ 49 ಲಕ್ಷ ಜೌಲುಗಳಷ್ಟು ಕೆಲಸ ನಡೆಯಬೇಕು. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೌಲುಗಳಿಗೆ ಸಮ. ಆದುದರಿಂದ ಸುಮಾರು 1.4 ಯೂನಿಟ್ ಬೇಕಾಯಿತು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟವನ್ನು ಕೂಡಿಸಿದರೆ ಲೆಕ್ಕವು 2 ಯೂನಿಟ್‌ಗಳ ಸಮೀಪಕ್ಕೆ ಬರುತ್ತದೆ. ನೀರನ್ನು ಉಳಿಸಿದವನು ವಿದ್ಯುತ್ತನ್ನೂ ಉಳಿಸಿದಂತಾಯಿತು.

ಹಳೆಯ ಕಟ್ಟಡವನ್ನು ಇದಕ್ಕಾಗಿ ಕೆಡವಬೇಕಾಗಿಲ್ಲ. ಅದರ ಇಟ್ಟಿಗೆ, ಸಿಮೆಂಟು, ಉಕ್ಕುಗಳ ತಯಾರಿಕೆಗೆ ತಗುಲಿದ ಶಕ್ತಿ ಆಗಲೇ ವ್ಯಯವಾಗಿದೆ. ಕೆಡವಿದರೆ ಅದು ವ್ಯರ್ಥ. ಮೊದಲು ಸೋರಿಕೆಗಳನ್ನು ನಿಲ್ಲಿಸಬೇಕು. ಬಳಿಕ ನಲ್ಲಿಯ ಬಾಯಿಗೆ ಏರೇಟರ್ ಎಂಬ ಪುಟ್ಟ ಜಾಲರಿಯನ್ನು ತೊಡಿಸಬೇಕು. ಇದು ನೀರಿನ ಹರಿವನ್ನು ತಗ್ಗಿಸಿ, ಅದರೊಡನೆ ಗಾಳಿಯನ್ನು ಬೆರೆಸುತ್ತದೆ. ಧಾರೆ ತುಂಬಿದಂತೆಯೇ ತೋರುತ್ತದೆ. ನೀರು ಮಾತ್ರ ಕಡಿಮೆ ಸಾಕು. ಬಹುಸಂಖ್ಯೆಯ ಕೊಳವೆಬಾವಿಗಳು ಬತ್ತಿದ 2024ರ ಬೇಸಗೆಯಲ್ಲಿ ಬೆಂಗಳೂರು ಜಲಮಂಡಲಿಯು ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು.

ಇನ್ನು ತಾರಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. 200 ಚದರ ಮೀಟರಿನ ತಾರಸಿಯಲ್ಲಿ ಇದರ ನೂರಕ್ಕೆ 80 ಪಾಲು ದೊರೆತರೂ ವರ್ಷಕ್ಕೆ 1,55,000 ಲೀಟರಾಯಿತು. ಈ ನೀರು ಕಾವೇರಿಯಿಂದ ಬೆಟ್ಟವೇರಿ ಬರಬೇಕಾಗಿಲ್ಲ. ಅದೇ ತಾರಸಿಗೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಮರಳಿ ಹೋಗಿ, ಕೆಳಗಿನ ಕೋಣೆಗಳು ತಂಪಾಗುತ್ತವೆ.

ಒಳಗೆ 75 ವಾಟಿನ 20 ಹಳೆಯ ಪಂಖಗಳಿವೆಯೆನ್ನೋಣ. ಅವುಗಳ ಬದಲು 30 ವಾಟಿನವನ್ನು ದಿನಕ್ಕೆ 8 ಗಂಟೆ ನಡೆಸಿದರೆ 7.2 ಯೂನಿಟ್ ಉಳಿಯುತ್ತದೆ. ಸೌರಫಲಕಗಳ ಸರದಿ ಕೊನೆಯದು. ಬೇಡಿಕೆ ಇಳಿದ ಮೇಲೆ ಕೆಲವೇ ಫಲಕಗಳು ಸಾಕಾಗುತ್ತವೆ.

ವಿದ್ಯಾರ್ಥಿಗಳು ಜಯನಗರ 5ನೆಯ ಬ್ಲಾಕಿನಲ್ಲಿರುವ ಜಲಮಂಡಲಿಯ ಮಳೆನೀರು ಸಂಗ್ರಹ ಕೇಂದ್ರವನ್ನು ನೋಡಬಹುದು. ಅದಕ್ಕೆ ಮೊದಲು ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದು ತಮ್ಮ ಶಾಲೆಯ ನಲ್ಲಿ ನಿಮಿಷಕ್ಕೆ ಎಷ್ಟು ಲೀಟರು ಸುರಿಸುತ್ತದೆಂದು ಅಳೆಯಲಿ. ಅಳತೆ ತಿಳಿದ ಮೇಲೆ ಮಿತವ್ಯಯ ಕಷ್ಟವಲ್ಲ.