ಡಿ.ಪಿ.ಯ ಆಚೆ ಏನಿದೆ?



ರಾತ್ರಿ ಪಾಳಿಯಲ್ಲಿ ಕಬ್ಬಿಗೆ ನೀರು ಬಿಡಲು ಹೋದಾಗ ಮೋಟರು ನಿಂತಿತೆಂದರೆ ನಮ್ಮ ಕಣ್ಣು ಮೊದಲು ಹೊರಳುವುದು ಡಿ.ಪಿ.ಯ ಕಡೆಗೆ. ಅದರ ಆಚೆ ಏನಿದೆ ಎಂದು ವಿಚಾರಿಸುವವರು ಕಡಿಮೆ. ವಿಚಾರಿಸದೆ ಕೈ ಹಾಕಿದ್ದರಿಂದ ಜೀವ ಹೋದದ್ದೂ ಉಂಟು. ಆದ್ದರಿಂದ ಈ ವಾರ ಸಬ್‌ಸ್ಟೇಶನ್ನಿನ ಪಾಠ.

ಮೊದಲು ಹೆಸರುಗಳ ಮಾತು. ನಮಗೆ ಬರುವ ಬಿಲ್ಲು, ನೋಟೀಸು ಎಲ್ಲವೂ ಮರಾಠಿಯಲ್ಲಿರುತ್ತವೆ. ಅವುಗಳಲ್ಲಿ ‘ಉಪಕೇಂದ್ರ’ ಎಂದರೆ ಸಬ್‌ಸ್ಟೇಶನ್ನು, ‘ವಾಹಿನಿ’ ಎಂದರೆ ಫೀಡರು, ‘ದಾಬ’ ಎಂದರೆ ವೋಲ್ಟೇಜು, ‘ರೋಹಿತ್ರ’ ಎಂದರೆ ಟ್ರಾನ್ಸ್‌ಫಾರ್ಮರು, ಅಂದರೆ ನಮ್ಮ ಬಾಯಲ್ಲಿನ ಡಿ.ಪಿ. ಇಷ್ಟು ತಿಳಿದರೆ ಅರ್ಜಿ ಬರೆಯುವುದೂ ಸುಲಭ.

ಮಾಕಣಿಯ ತೇರಣಾ ಕಟ್ಟೆಯನ್ನು ಎಲ್ಲರೂ ಬಲ್ಲಿರಿ. ಕಟ್ಟೆಯ ನೀರು ಹಿರಿಯ ಕಾಲುವೆಗೆ, ಅಲ್ಲಿಂದ ಉಪಕಾಲುವೆಗೆ, ಕೊನೆಗೆ ಹೊಲಗಾಲುವೆಗೆ ಬರುತ್ತದೆ. ಪ್ರತಿ ಕವಲಿನಲ್ಲೂ ಒಂದು ತೂಬು. ವಿದ್ಯುತ್ತಿನ ದಾರಿಯಲ್ಲಿ ಈ ತೂಬಿನ ಜಾಗವೇ ಸಬ್‌ಸ್ಟೇಶನ್ನು. ಪರಳಿಯ ಉಷ್ಣ ಸ್ಥಾವರ, ಕೊಯ್ನಾದ ಜಲವಿದ್ಯುತ್ ಕೇಂದ್ರ ಮೊದಲಾದ ಕಡೆ ಹುಟ್ಟಿದ ಶಕ್ತಿಯನ್ನು 2 ಲಕ್ಷ 20 ಸಾವಿರ, 4 ಲಕ್ಷ ವೋಲ್ಟಿಗೆ ಏರಿಸಿ ದೂರಕ್ಕೆ ಕಳಿಸುತ್ತಾರೆ. ಹಿರಿಯ ಸಬ್‌ಸ್ಟೇಶನ್ನುಗಳಲ್ಲಿ ಅದನ್ನು ಹಂತಹಂತವಾಗಿ ಇಳಿಸಿ 33 ಸಾವಿರಕ್ಕೆ ತರುತ್ತಾರೆ. ನಮ್ಮ ಹಳ್ಳಿಗಳ ಹತ್ತಿರದ ಚಿಕ್ಕ ಸಬ್‌ಸ್ಟೇಶನ್ನು ಅದನ್ನು 11 ಸಾವಿರಕ್ಕೆ ಇಳಿಸುತ್ತದೆ. ಹೊಲದ ಡಿ.ಪಿ. 415 ವೋಲ್ಟು ಮಾಡಿ ಮೋಟರಿಗೆ ಕೊಡುತ್ತದೆ.

ಏರಿಸಿ ಮತ್ತೆ ಇಳಿಸುವ ಈ ಖಟಾಟೋಪವೇಕೆ? ಲೆಕ್ಕ ಮಾಡಿ ನೋಡೋಣ. ಅಷ್ಟೇ ಶಕ್ತಿಯನ್ನು 415 ವೋಲ್ಟಿನ ಬದಲು 11 ಸಾವಿರ ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರು ಇಪ್ಪತ್ತಾರೂವರೆ ಪಾಲಿನಲ್ಲಿ ಒಂದು ಪಾಲಾಗುತ್ತದೆ. ತಂತಿ ಕಾಯ್ದು ಪೋಲಾಗುವ ಶಕ್ತಿಯು ಆಂಪಿಯರಿನ ವರ್ಗಕ್ಕೆ ಸರಿಯಾಗಿ ಇಳಿಯುವುದರಿಂದ, ಅದೇ ತಂತಿಯಲ್ಲಿ ನಷ್ಟವು ಸುಮಾರು 700ರಲ್ಲಿ ಒಂದು ಪಾಲು ಮಾತ್ರ. ಮೈಸೂರು ಸರಕಾರವು 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದು ಈ ಉಪಾಯದಿಂದಲೇ. ಡಿ.ಪಿ.ಯಿಂದ ಬಹಳ ದೂರದ ಹೊಲದವನಿಗೆ ವೋಲ್ಟೇಜು ಸಾಲದಿರುವುದೂ ಇದೇ ಕಾರಣಕ್ಕೆ: ಅವನ ಪಾಲಿಗೆ ಬಂದದ್ದು ಉದ್ದನೆಯ 415 ವೋಲ್ಟಿನ ತಂತಿ.

ಇನ್ನು ಸಬ್‌ಸ್ಟೇಶನ್ನಿನ ಬೇಲಿಯೊಳಗೆ ನೋಡೋಣ. ಸಿಡಿಲಿನ ಪೆಟ್ಟನ್ನು ನೆಲಕ್ಕೆ ಇಳಿಸುವ ಅರೆಸ್ಟರು, ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರು, ಒಂದೊಂದು ಫೀಡರಿಗೆ ಒಂದೊಂದು ಬ್ರೇಕರು, ಇವು ಮುಖ್ಯ. ತಂತಿಗೆ ತಂತಿ ತಗುಲಿದಾಗ ‘ರಿಲೇ’ ಎಂಬ ಉಪಕರಣವು ಅದನ್ನು ಅರಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ರೇಕರನ್ನು ಬಿಡಿಸುತ್ತದೆ. ಐಸೊಲೇಟರು ಎಂಬ ಇನ್ನೊಂದು ಸ್ವಿಚ್ಚೂ ಇದೆ. ಹೊರೆ ಹರಿಯುತ್ತಿರುವಾಗ ಅದನ್ನು ತೆರೆದರೆ ಬೆಂಕಿಯ ಜ್ವಾಲೆ ಏಳುತ್ತದೆ. ಆದುದರಿಂದ ಮೊದಲು ಬ್ರೇಕರು, ಆಮೇಲೆ ಐಸೊಲೇಟರು. ಈ ಕ್ರಮ ಎಂದೂ ತಪ್ಪಬಾರದು. ನೆಲಕ್ಕೆ ಜಲ್ಲಿಕಲ್ಲು ಹಾಸಿರುವುದು ಅಂದಕ್ಕಲ್ಲ, ನಡೆಯುವವನ ಕಾಲಿಗೆ ವಿದ್ಯುತ್ತು ಏರದಿರಲೆಂದು.

ಕಾಲುವೆಯ ಹೋಲಿಕೆ ಇಲ್ಲಿಗೆ ಮುಗಿಯಿತು. ನೀರು ಕಟ್ಟೆಯಲ್ಲಿ ಕಾದು ನಿಲ್ಲುತ್ತದೆ, ಕರೆಂಟು ತಂತಿಯಲ್ಲಿ ನಿಲ್ಲುವುದಿಲ್ಲ. ಈ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟು ಈ ಕ್ಷಣವೇ ಹುಟ್ಟಬೇಕು. ಬೇಡಿಕೆ ಹೆಚ್ಚಾದರೆ ಜಾಲದ ಎಲ್ಲ ಯಂತ್ರಗಳೂ ಕೂಡಿಯೇ ನಿಧಾನವಾಗುತ್ತವೆ. ಸೆಕೆಂಡಿಗೆ 50 ಆವರ್ತನೆಯ ಲಯ ಇಳಿಯುತ್ತದೆ. ತೀರ ಇಳಿದರೆ ಸಬ್‌ಸ್ಟೇಶನ್ನಿನ ರಿಲೇಗಳು ತಾವಾಗಿಯೇ ಕೆಲವು ಫೀಡರುಗಳನ್ನು ಬಿಡಿಸಿ ಹೊರೆ ಇಳಿಸುತ್ತವೆ. ಅಂಥ ಹೊತ್ತಿನಲ್ಲಿ ಆಪರೇಟರನನ್ನು ಬಯ್ದು ಫಲವಿಲ್ಲ. 2012ರ ಜುಲೈ 30 ಮತ್ತು 31ರಂದು ಜಾಲವು ಕುಸಿದು ಉತ್ತರ ಹಿಂದುಸ್ತಾನವೆಲ್ಲ ಕತ್ತಲಾಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ಭಾಗಗಳೂ ಅದರಲ್ಲಿ ಸೇರಿದವು. ದಕ್ಷಿಣದ ಜಾಲದ ಲಯ ಆಗ ಬೇರೆಯಾಗಿದ್ದುದರಿಂದ ಅದು ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 7 ಲಕ್ಷ 65 ಸಾವಿರ ವೋಲ್ಟಿನ ತಂತಿ ಚಾಲೂ ಆಗಿ ಆ ಎರಡು ಜಾಲಗಳೂ ಒಂದೇ ಲಯಕ್ಕೆ ಬಂದವು. ಕನ್ನಡದ ಊರು, ಮರಾಠಿಯ ಊರು ಎಂಬ ಗಡಿಕಲ್ಲು ಕರೆಂಟಿಗೆ ಕಾಣುವುದಿಲ್ಲ. ಕಚೇರಿಗಳಿಗೆ ಕಾಣುತ್ತದೆ, ಆ ಮಾತು ಬೇರೆ.

ಈಗ ನಮ್ಮ ತಪ್ಪಿಗೆ ಬರೋಣ. 5 ಅಶ್ವಶಕ್ತಿಯ ಮೋಟರು ಸುಮಾರು 6 ಕೆ.ವಿ.ಎ. ಹೊರೆ ಹಾಕುತ್ತದೆ. 100 ಕೆ.ವಿ.ಎ. ಡಿ.ಪಿ. ಅಂಥ ಹದಿನಾರು ಮೋಟರುಗಳನ್ನು ಹೊರಬಲ್ಲುದು. ನಾವು ಇಪ್ಪತ್ತೈದು ಜೋಡಿಸುತ್ತೇವೆ. ಮೇಲಾಗಿ ಎಲ್ಲರ ಪೆಟ್ಟಿಗೆಯಲ್ಲೂ ಆಟೋ ಸ್ವಿಚ್ಚು! ಮೋಟರು ಚಾಲೂ ಆಗುವಾಗ ಐದಾರು ಪಟ್ಟು ಆಂಪಿಯರು ಎಳೆಯುತ್ತದೆ. ಫೀಡರಿಗೆ ಕರೆಂಟು ಬಂದ ಕೂಡಲೆ ಇಪ್ಪತ್ತೈದೂ ಒಮ್ಮೆಲೆ ಎದ್ದರೆ ಡಿ.ಪಿ. ತಾಳುವುದೆಂತು? ಅತ್ತ ಸಬ್‌ಸ್ಟೇಶನ್ನಿನ ಬ್ರೇಕರೂ ಬೀಳುತ್ತದೆ. ಡಿ.ಪಿ. ಸುಟ್ಟು ಹೊಸದು ಬರುವವರೆಗೆ ನಿಂತ ಬೆಳೆ ಒಣಗುತ್ತದೆ. ಆಟೋ ಸ್ವಿಚ್ಚು ತೆಗೆಯಿರಿ, ಒಬ್ಬರಾದ ಮೇಲೆ ಒಬ್ಬರು ಮೋಟರು ಹಚ್ಚಿರಿ. 5 ಅಶ್ವಶಕ್ತಿಯ ಮೋಟರಿಗೆ ಸಾಮಾನ್ಯವಾಗಿ 2 ಕೆ.ವಿ.ಎ.ಆರ್. ಕೆಪ್ಯಾಸಿಟರು ಸಾಕು. ಅದರಿಂದ ತಂತಿಯ ಆಂಪಿಯರು ಇಳಿಯುತ್ತದೆ, ವೋಲ್ಟೇಜು ತುಸು ಸುಧಾರಿಸುತ್ತದೆ.

ಎಲ್ಲಕ್ಕಿಂತ ಜೋಕೆ ಇರಬೇಕಾದದ್ದು ಕಡಿದು ಬಿದ್ದ ತಂತಿಯ ವಿಷಯದಲ್ಲಿ. ‘ತಂತಿ ನೆಲಕ್ಕೆ ಬಿದ್ದರೆ ಸಬ್‌ಸ್ಟೇಶನ್ನಿನಲ್ಲಿ ಟ್ರಿಪ್ಪಾಗುತ್ತದೆ’ ಎಂದು ಬಹಳ ಜನ ನಂಬಿದ್ದಾರೆ. ಪ್ರತಿ ಸಲವೂ ಆಗುವುದಿಲ್ಲ. ಬೇಸಿಗೆಯ ಒಣ ನೆಲ, ಕಲ್ಲು, ಕಸದ ಮೇಲೆ ಬಿದ್ದ ತಂತಿಯಿಂದ ಮಣ್ಣಿಗೆ ಹರಿಯುವ ಆಂಪಿಯರು ಬಹಳ ಕಡಿಮೆ. ರಿಲೇಗೆ ಅದು ಒಂದು ಮೋಟರಿನ ಹೊರೆಯಂತೆಯೇ ತೋರುತ್ತದೆ. ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಟ್ರಿಪ್ಪಾಗಿದ್ದರೂ ಆಪರೇಟರು ಪರೀಕ್ಷೆಗೆಂದು ಮತ್ತೊಮ್ಮೆ ಚಾಲೂ ಮಾಡುವುದುಂಟು. ಮೂವತ್ತು ಅಡಿ ದೂರವಿರಿ. ಅರಿಯದೆ ಹತ್ತಿರ ಹೋಗಿದ್ದರೆ ದಾಪುಗಾಲು ಹಾಕದೆ, ಎರಡೂ ಪಾದ ಕೂಡಿಸಿಕೊಂಡು ನೆಲಕ್ಕೆ ಸವರುತ್ತ ಹಿಂದೆ ಸರಿಯಿರಿ. ಎರಡು ಕಾಲಿನ ನಡುವಿನ ಅಂತರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಎತ್ತು, ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಬಹಳ, ಅದಕ್ಕೇ ಅವು ಮೊದಲು ಸಾಯುತ್ತವೆ.

ಡಿ.ಪಿ.ಯ ಡಿ.ಓ. ಫ್ಯೂಜನ್ನು ಕೋಲಿನಿಂದ ಇಳಿಸಿ ತಾವೇ ರಿಪೇರಿ ಮಾಡುವ ಧೀರರು ಪ್ರತಿ ಊರಿನಲ್ಲೂ ಇದ್ದಾರೆ. ಫ್ಯೂಜು ಇಳಿಸಿದ ಮೇಲೂ ಅದರ ಮೇಲ್ತುದಿಯಲ್ಲಿ 11 ಸಾವಿರ ವೋಲ್ಟು ಇದ್ದೇ ಇರುತ್ತದೆ. ಲೈನ್‌ಮನ್ನನು ಸಬ್‌ಸ್ಟೇಶನ್ನಿನಿಂದ ಲೈನ್ ಕ್ಲಿಯರ್ ಪಡೆದು, ಬ್ರೇಕರು, ಐಸೊಲೇಟರು ಎರಡನ್ನೂ ತೆರೆಸಿ, ತಂತಿಗೆ ಅರ್ಥಿಂಗ್ ಕಟ್ಟಿದ ಮೇಲೆಯೇ ಕಂಬ ಹತ್ತುತ್ತಾನೆ. ಸಬ್‌ಸ್ಟೇಶನ್ನಿನ ಫೋನ್ ನಂಬರು ಮತ್ತು ನಿಮ್ಮ ಫೀಡರಿನ ಹೆಸರನ್ನು ಮೋಟರಿನ ಪೆಟ್ಟಿಗೆಯ ಬಾಗಿಲ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ. ತಂತಿ ಬಿದ್ದಾಗ ಮೊದಲು ಹೇಳಬೇಕಾದದ್ದು ಆ ಫೀಡರಿನ ಹೆಸರನ್ನೇ.