ಜೋಕಾಲಿಯ ಲೆಕ್ಕ: ಚರಗಳೂ ಆಲೇಖವೂ

ನರೇಗಲ್ಲಿನ ಎರೆಹೊಲದಲ್ಲಿ ಒಕ್ಕಲಿಗನೊಬ್ಬನು ಒಂದೇ ವರ್ಷ ಹೊಸ ಬೀಜವನ್ನು ಬಿತ್ತಿ ಹೊಸ ಗೊಬ್ಬರವನ್ನೂ ಹಾಕಿದನೆಂದು ಭಾವಿಸೋಣ. ಜೋಳವು ಹುಲುಸಾಗಿ ಬಂದರೆ ಅದು ಬೀಜದ ಗುಣವೋ, ಗೊಬ್ಬರದ ಗುಣವೋ, ಇಲ್ಲವೆ ಆ ವರ್ಷದ ಮಳೆಯ ಗುಣವೋ? ಹೇಳಲಾಗದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಉಳಿದುವನ್ನು ಹಾಗೆಯೇ ಇರಿಸಿದರೆ ಮಾತ್ರ ಕಾರಣವು ತಿಳಿಯುವುದು. ವಿಜ್ಞಾನದ ಪ್ರಯೋಗಗಳಿಗೆಲ್ಲ ಮೂಲವಾದ ಈ ನಿಯಮವನ್ನು ನಮ್ಮ ಹೆಣ್ಣುಮಕ್ಕಳಿಗೆ ಚಿರಪರಿಚಿತವಾದ ಜೋಕಾಲಿಯಿಂದಲೇ ವಿವರಿಸುವೆವು.

ನಾಗರ ಪಂಚಮಿಯ ಜೋಕಾಲಿಯು ಒಮ್ಮೆ ಹೋಗಿ ಬರಲು ಹಿಡಿಯುವ ಕಾಲವು ಕುಳಿತವಳ ಭಾರವನ್ನು ಅವಲಂಬಿಸಿದೆಯೋ, ಹಗ್ಗದ ಉದ್ದವನ್ನೋ? ಪರೀಕ್ಷಿಸಲು ನೂಲಿನ ತುದಿಗೆ ಸಣ್ಣ ಕಲ್ಲೊಂದನ್ನು ಕಟ್ಟಿ ತೂಗಬಿಟ್ಟರೆ ಸಾಕು. ಇದಕ್ಕೆ ಲೋಲಕವೆಂದು ಹೆಸರು. ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅದರಿಂದ ತಾನಾಗಿ ಬದಲಾಗುವುದು ಅವಲಂಬಿ ಚರ. ಬದಲಾಗಗೊಡದೆ ಇರಿಸುವುವು ಸ್ಥಿರಗಳು.

ಉದ್ದವನ್ನು ಆಸರೆಯಿಂದ ಕಲ್ಲಿನ ನಡುವಿನ ವರೆಗೆ ಅಳೆಯಬೇಕು. ಮೊದಲು ಉದ್ದವನ್ನು ಹಾಗೆಯೇ ಇಟ್ಟು ಕಲ್ಲಿನ ಭಾರವನ್ನು ಮಾತ್ರ ಹೆಚ್ಚಿಸಿದರೆ ಕಾಲವು ಬದಲಾಗುವುದಿಲ್ಲ. ಬಳಿಕ ಅದೇ ಕಲ್ಲನ್ನಿಟ್ಟು, ಪ್ರತಿಸಲವೂ ಸ್ವಲ್ಪವೇ ಓರೆಗೆಳೆದು ಬಿಟ್ಟು, ಉದ್ದವನ್ನು ಮಾತ್ರ ಬದಲಿಸಬೇಕು. ಒಂದೇ ತೂಗನ್ನು ಅಳೆದರೆ ತಪ್ಪು ಹೆಚ್ಚಾದೀತು. ಆದುದರಿಂದ 20 ತೂಗುಗಳನ್ನು ಎಣಿಸುವುದು ಲೇಸು. 25 ಸೆಂಟಿಮೀಟರ್ ಉದ್ದಕ್ಕೆ ಸುಮಾರು 20 ಸೆಕೆಂಡು, 50ಕ್ಕೆ 28, 75ಕ್ಕೆ 35, 100ಕ್ಕೆ 40 ಬರುವುವು.

ಚೌಕುಳಿ ಕಾಗದದ ಅಡ್ಡಗೆರೆಯ ಮೇಲೆ ಉದ್ದವನ್ನೂ ನಿಲುಗೆರೆಯ ಮೇಲೆ ಕಾಲವನ್ನೂ ಗುರುತಿಸಿ ಬಿಂದುಗಳನ್ನು ಕೂಡಿಸಿದರೆ ಆಲೇಖವು ಸಿದ್ಧವಾಗುವುದು. ಅದರ ಗೆರೆಯು ಬಾಗಿರುವುದು: ಉದ್ದವು ನಾಲ್ಮಡಿಯಾದಾಗ ಕಾಲವು ಇಮ್ಮಡಿ ಮಾತ್ರ. ಕಾಲಕ್ಕೆ ಬದಲಾಗಿ ಒಂದು ತೂಗಿನ ಕಾಲದ ವರ್ಗವನ್ನು ಗುರುತಿಸಿದರೆ ಅದು ಸುಮಾರು 1, 2, 3, 4 ಆಗಿ ಬಿಂದುಗಳು ನೇರಗೆರೆಯಲ್ಲಿ ನಿಲ್ಲುವುವು. ಒಂದು ಬಿಂದು ಹೊರಗುಳಿದರೆ ಪುನಃ ಅಳೆಯಬೇಕು. ಗೆರೆಯ ಅಂದಕ್ಕಾಗಿ ಬಿಂದುವನ್ನು ಸರಿಸುವುದು ಸುಳ್ಳು ಬರೆದಂತೆಯೇ ಸರಿ.

ನಾವು ಸ್ಥಿರವೆಂದು ಎಣಿಸಿದುದೂ ಒಮ್ಮೊಮ್ಮೆ ಚರವಾಗಿರುವುದುಂಟು. ಭೂಮಿಯ ಸೆಳೆತವು ಎಲ್ಲೆಡೆ ಸಮನಲ್ಲ. ಆದುದರಿಂದ ಒಂದೇ ಲೋಲಕವು ಬೇರೆ ಬೇರೆ ಸ್ಥಳಗಳಲ್ಲಿ ಅತ್ಯಲ್ಪವಾಗಿ ಬೇರೆ ಕಾಲವನ್ನು ತೋರಿಸುವುದು. ಹಿಂದುಸ್ಥಾನದ ಸರ್ವೇ ಇಲಾಖೆಯ ಕ್ಯಾಪ್ಟನ್ ಬ್ಯಾಸೆವಿಯವರು ಈ ವ್ಯತ್ಯಾಸವನ್ನು ಅಳೆಯುವ ಕಾರ್ಯದಲ್ಲಿರುವಾಗಲೇ 1871ರಲ್ಲಿ ಲಡಾಖಿನಲ್ಲಿ ಮರಣ ಹೊಂದಿದರು.

ನಮ್ಮ ನೇರಗೆರೆಯನ್ನು ಮುಂದಕ್ಕೆಳೆದರೆ 4 ಮೀಟರ್ ಉದ್ದದ ಜೋಕಾಲಿಗೆ ಕಾಲದ ವರ್ಗವು 16, ಅಂದರೆ ಕಾಲವು 4 ಸೆಕೆಂಡು ಎಂದು ಕಾಣುವುದು. ಅಳೆದುದರ ಆಚೆಗೆ ಎಳೆದ ಗೆರೆಯು ಊಹೆ ಮಾತ್ರ. ಪಾಲಕರೂ ಹಳೆಯ ವಿದ್ಯಾರ್ಥಿನಿಯರೂ ಮುಂದಿನ ಪಂಚಮಿಯಲ್ಲಿ ಬೇವಿನ ಕೊಂಬೆಗೆ ಹಗ್ಗ ಕಟ್ಟಿದಾಗ, ಮೆಲ್ಲನೆ ತೂಗಿ, ಗಡಿಯಾರ ಹಿಡಿದು ಅದನ್ನು ಪರೀಕ್ಷಿಸಬಹುದು. ಈ ಪಾಠವನ್ನು ಕಲಿತ ಹುಡುಗಿಯು, "ಈ ಔಷಧದಿಂದಲೇ ಜ್ವರ ಬಿಟ್ಟಿತು" ಎಂದು ಯಾರಾದರೂ ಹೇಳಿದಾಗ, "ಆಗ ಬೇರೇನು ಬದಲಾಗಿತ್ತು?" ಎಂದು ವಿಚಾರಿಸುವಳು. ಅಷ್ಟಾದರೆ ಕಲಿತುದು ಸಾರ್ಥಕವೆಂದು ನಾವು ತಿಳಿಯುವೆವು.