ಹಳೆಯ ಟೈ ಕೊಳ್ಳುವವರಿಗೆ, ಕಟ್ಟುವವರಿಗೆ

ನಮ್ಮ ತಂದೆಯವರ ಹತ್ತಿರ ಇದ್ದದ್ದು ಒಂದೇ ಟೈ, ಕಡುಗೆಂಪು ರೇಷ್ಮೆಯದು. ಗಂಟು ಹಾಕಿಕೊಟ್ಟವರು ಅವರ ಆಫೀಸಿನ ಹಿರಿಯರೊಬ್ಬರು. ಮತ್ತೆ ಹಾಕಲು ಬರುವುದಿಲ್ಲವೆಂದು ಅಪ್ಪ ಆ ಗಂಟನ್ನು ಬಿಚ್ಚಲೇ ಇಲ್ಲ. ಸಡಿಲ ಮಾಡಿ ತಲೆಯಿಂದ ತೆಗೆದು ಮೊಳೆಗೆ ತೂಗುಹಾಕುತ್ತಿದ್ದರು. ಅವರು ಹೋದ ಮೇಲೆ ನಾನು ಬಿಚ್ಚಿ ನೋಡಿದರೆ ಗಂಟಿದ್ದ ಜಾಗದಲ್ಲಿ ರೇಷ್ಮೆ ಸೀಳಿ, ಒಳಗಿನ ಲೈನಿಂಗ್ ಕಾಣುತ್ತಿತ್ತು. ಹಳೆಯ ಟೈಗಳ ಮೇಲೆ ನನಗೆ ಮಮತೆ ಹುಟ್ಟಿದ್ದು ಅದರಿಂದ. ಮುಂದೆ ಮ್ಯಾಂಚೆಸ್ಟರ್ ಹತ್ತಿರ ಕೆಲಸದಲ್ಲಿದ್ದ ವರ್ಷಗಳಲ್ಲಿ, ಶನಿವಾರ ಬಂತೆಂದರೆ ಚಾರಿಟಿ ಅಂಗಡಿಗಳನ್ನು ಸುತ್ತುತ್ತಿದ್ದೆ. ಅಲ್ಲಿ ಕಲಿತ ನಾಲ್ಕು ಮಾತು ನಿಮಗೂ ಇರಲಿ.

• ಮೊದಲು ತಿರುಗಿಸಿ ಬೆನ್ನು ನೋಡಿ, ಬಣ್ಣ ಆಮೇಲೆ. ಬೆನ್ನಿನ ಹೊಲಿಗೆ ಉದ್ದಕ್ಕೂ ಒಂದೇ ದಾರದಲ್ಲಿ, ತುಸು ಸಡಿಲವಾಗಿ ಸಾಗಿರಬೇಕು. ಅಗಲ ತುದಿಯ ಒಳಗೆ ಬೆರಳಾಡಿಸಿದರೆ ಆ ದಾರದ ಕೊನೆ ಸಣ್ಣ ಕುಣಿಕೆಯಾಗಿ ಕೈಗೆ ಸಿಗುತ್ತದೆ. ಗಂಟು ಬಿಗಿದಾಗ ಬಟ್ಟೆ ಈ ದಾರದ ಮೇಲೆ ಜಾರಿ ಹೊಂದಿಕೊಳ್ಳುತ್ತದೆ, ಹೊಲಿಗೆ ಹರಿಯುವುದಿಲ್ಲ. ದರ್ಜಿ ಮರೆತುಬಿಟ್ಟ ದಾರವೆಂದು ಕುಣಿಕೆಯನ್ನು ಕತ್ತರಿಸೀರಿ, ಬೆನ್ನೆಲ್ಲ ಬಿಚ್ಚಿಕೊಂಡೀತು.

• ಸಣ್ಣ ತುದಿ ಹಿಡಿದು ಇಳಿಬಿಡಿ. ನೆಟ್ಟಗೆ ನಿಂತರೆ ಕ್ರಾಸ್ ಕಟಿಂಗ್ ಸರಿಯಾಗಿದೆ, ತಿರುಚಿಕೊಂಡರೆ ವಾಪಸು ಇಡಿ. ಬಟ್ಟೆಯನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಿ, ಮೂರು ತುಂಡು ಜೋಡಿಸುವ ಕ್ರಮವನ್ನು 1920ರ ದಶಕದಲ್ಲಿ ತಂದವನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. ಗಂಟು ಬಿಚ್ಚಿದ ಮೇಲೆ ಟೈ ತನ್ನ ಆಕಾರಕ್ಕೆ ಮರಳುವುದು ಈ ಓರೆಯಿಂದಲೇ. ರವಿಕೆಗೆ ಕ್ರಾಸ್ ಕಟಿಂಗ್ ಮಾಡುವ ನಮ್ಮ ದರ್ಜಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

• ಗಂಟು ಬೀಳುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ನೂಲು ಸವೆದಿದ್ದರೆ ಚಿತ್ತಾರ ಎಷ್ಟೇ ಚೆಂದವಿರಲಿ, ಬೇಡ.

• ಕಾಲ ತಿಳಿಯಲು ಅಗಲ ನೋಡಿ, ಆದರೆ ಅಗಲವೊಂದನ್ನೇ ನಂಬಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ನಾಲ್ಕು ಇಂಚು ದಾಟಿದ, ಕೈಯಲ್ಲಿ ಚಿತ್ರ ಬರೆದ ಟೈಗಳು ಬಂದವು. 1960ರ ಹೊತ್ತಿಗೆ ಎರಡು ಇಂಚಿನ ಆಸುಪಾಸಿಗೆ ಇಳಿದವು. ಅರವತ್ತರ ದಶಕದ ನಡುವಿನಲ್ಲಿ ಲಂಡನ್ನಿನ ಮೈಕಲ್ ಫಿಶ್ ‘ಕಿಪ್ಪರ್’ ಟೈ ತಂದು ಮತ್ತೆ ಹಿಗ್ಗಿಸಿದ. 1940ರ ದಶಕದ ಟೈ ಗಿಡ್ಡ, ಲೈನಿಂಗ್ ತೆಳು. 1970ರ ದಶಕದ್ದು ಉದ್ದ, ದಪ್ಪ, ಹೆಚ್ಚಾಗಿ ಪಾಲಿಯೆಸ್ಟರ್. ಚೀಟಿಯನ್ನೂ ಓದಿ. ನೂಲು ಯಾವುದು, ಶೇಕಡಾ ಎಷ್ಟು ಎಂದು ನಮೂದಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದದ್ದು 1960ರಲ್ಲಿ. ಅಂಥ ಚೀಟಿ ಹೊತ್ತ ಟೈಯನ್ನು ಯಾರಾದರೂ ಯುದ್ಧಕಾಲದ್ದೆಂದು ಮಾರಿದರೆ ಹುಷಾರಾಗಿರಿ.

• ರೇಷ್ಮೆಯೋ ಅಲ್ಲವೋ ಎಂಬ ಅನುಮಾನ ಬಂದರೆ, ಕೊಂಡು ಮನೆಗೆ ತಂದ ಮೇಲೆ ಒಳಮಡಿಕೆಯಿಂದ ಒಂದೇ ಒಂದು ಎಳೆ ತೆಗೆದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕಾಗದದ ಹಾಗೆ ಉರಿದರೆ ರೇಯಾನ್. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. 1941ರಲ್ಲಿ ಜಪಾನಿನ ರೇಷ್ಮೆ ಅಮೆರಿಕಕ್ಕೆ ಬರುವುದು ನಿಂತುಹೋಯಿತು. ಆ ಕಾಲದ್ದರಲ್ಲಿ ರೇಯಾನ್ ಬಹಳ ಸಿಗುತ್ತದೆ, ಅದು ಕೀಳೇನಲ್ಲ. ಆದರೆ ಒದ್ದೆಯಾದರೆ ರೇಯಾನ್ ನೂಲಿನ ಬಲ ಕುಂದುತ್ತದೆ. ಅದಕ್ಕೆ ನೀರು ತಾಗಿಸಬೇಡಿ.

• ‘ಏನ್ಷಂಟ್ ಮ್ಯಾಡರ್’ ಎಂಬ ಇಂಗ್ಲೆಂಡಿನ ರೇಷ್ಮೆ ಸಿಕ್ಕಿದರೆ ಬಿಡಬೇಡಿ. ಮ್ಯಾಡರ್ ನಮ್ಮ ಆಯುರ್ವೇದದ ಮಂಜಿಷ್ಠದ ಬಳಗದ ಗಿಡ. ಅದರ ಬೇರಿನ ಕೆಂಪೇ ಮೊದಲ ಬಣ್ಣ. 1869ರ ನಂತರ ಆ ಬಣ್ಣ ರಾಸಾಯನಿಕವಾಗಿ ತಯಾರಾಗತೊಡಗಿತು, ಹೆಸರು ಮಾತ್ರ ಹಾಗೇ ಉಳಿಯಿತು. ಈ ಬಟ್ಟೆಗೆ ರೇಷ್ಮೆಯ ಹೊಳಪಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ನುಣ್ಣನೆಯ ಹಿಟ್ಟು ಸವರಿದ ಹಾಗೆ ಹಿತವಾಗುತ್ತದೆ. ಇಟ್ಟಿಗೆ ಕೆಂಪು, ಎಲೆಹಸಿರು, ಸಾಸಿವೆ ಬಣ್ಣ, ಮೇಲೆ ಪೇಸ್ಲಿ ಚಿತ್ತಾರ. ಪೇಸ್ಲಿ ಎಂದರೆ ಸ್ಕಾಟ್ಲೆಂಡಿನ ಒಂದು ಊರು. ಕಾಶ್ಮೀರದ ಶಾಲು ನೋಡಿ ಅಲ್ಲಿ ನೇಯ್ದದ್ದು ನಮ್ಮ ಸೀರೆಯಂಚಿನ ಮಾವಿನಕಾಯಿಯನ್ನೇ. ಮ್ಯಾಂಚೆಸ್ಟರ್‌ಗೆ ದಕ್ಷಿಣದ ಮ್ಯಾಕಲ್ಸ್‌ಫೀಲ್ಡ್‌ಗೆ ಹೋದರೆ ಪ್ಯಾರಡೈಸ್ ಮಿಲ್ ನೋಡಿ ಬನ್ನಿ. ಟೈ ರೇಷ್ಮೆ ನೇಯುತ್ತಿದ್ದ 26 ಜಕಾರ್ಡ್ ಕೈಮಗ್ಗಗಳು ಅಲ್ಲಿವೆ. ಆ ಮಗ್ಗಗಳ ವ್ಯಾಪಾರದ ನೇಯ್ಗೆ 1981ರಲ್ಲಿ ನಿಂತಿತು.

• ಒಗೆಯಬೇಡಿ, ಇಸ್ತ್ರಿ ಒತ್ತಬೇಡಿ. ನನ್ನ ಒಳ್ಳೆಯ ಮ್ಯಾಡರ್ ಟೈಯನ್ನು ಒಮ್ಮೆ ಡ್ರೈಕ್ಲೀನಿಂಗ್‌ಗೆ ಕೊಟ್ಟೆ. ಅಂಚಿನ ದುಂಡು ಹೋಗಿ ರಿಬ್ಬನ್ನಿನ ಹಾಗೆ ಚಪ್ಪಟೆಯಾಗಿ ಬಂತು, ಇವತ್ತಿಗೂ ಮನಸ್ಸು ಚುರ್ ಎನ್ನುತ್ತದೆ. ಸುಕ್ಕಿದ್ದರೆ ಸ್ನಾನದ ಮನೆಯ ಹಬೆಯಲ್ಲಿ ರಾತ್ರಿ ತೂಗುಹಾಕಿದರೆ ಸಾಕು. ಕೈಯಲ್ಲಿ ಚಿತ್ರ ಬರೆದದ್ದಕ್ಕೆ ಹಬೆಯೂ ಬೇಡ.

• ಟೈ ಗಿಡ್ಡವೇ? ಫೋರ್-ಇನ್-ಹ್ಯಾಂಡ್ ಎಂಬ ಸಾದಾ ಗಂಟು ಹಾಕಿ. ವಿಂಡ್ಸರ್ ಗಂಟು ಉದ್ದವನ್ನೆಲ್ಲ ನುಂಗುತ್ತದೆ. ಆ ವಿಂಡ್ಸರ್ ಡ್ಯೂಕ್ ಕೂಡ ದಪ್ಪ ಲೈನಿಂಗ್ ಕೊಡಿಸಿದ ಟೈಗೆ ಸಾದಾ ಗಂಟನ್ನೇ ಹಾಕುತ್ತಿದ್ದರು. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಮುಟ್ಟದಿದ್ದರೆ ಮೇಲೊಂದು ವೇಸ್ಟ್‌ಕೋಟ್ ತೊಡಿ. ಟೈ ಅಗಲ ಕೋಟಿನ ಲ್ಯಾಪೆಲ್ ಅಗಲಕ್ಕೆ ಹೊಂದಲಿ. ಮೈಮೇಲೆ ಹಳೆಯ ಕಾಲದ್ದು ಟೈ ಒಂದೇ ಇರಲಿ; ಟೋಪಿ, ಸಸ್ಪೆಂಡರ್ ಎಲ್ಲ ಸೇರಿದರೆ ನಾಟಕದ ವೇಷವಾಗುತ್ತದೆ.

• ಬ್ರಿಟನ್ನಿನಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿ ಓರೆಪಟ್ಟೆಯ ಟೈ ಎಷ್ಟೋ ಸಲ ಒಂದು ರೆಜಿಮೆಂಟಿನ, ಶಾಲೆಯ, ಕ್ಲಬ್ಬಿನ ಗುರುತು. ಕಡುನೀಲಿ-ಕೆಂಪು ಪಟ್ಟೆ ಗಾರ್ಡ್ಸ್ ಸೈನಿಕರದು. ಕೊಳ್ಳಿ, ಕೂಡಿಡಿ, ಕಟ್ಟಬೇಡಿ. ಅದನ್ನು ಸೇವೆ ಮಾಡಿ ಗಳಿಸಿದವರು ಇನ್ನೂ ಇದ್ದಾರೆ.

• ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ, 1912ರದು, ಸೀರೆಯ ಜೊತೆ ಟೈಯನ್ನೂ ಮಾಡಿದೆ. ತಾತನ ಬೀರುವಿನಲ್ಲಿ ಅಂಥದ್ದು ಸಿಕ್ಕಿದರೆ ಯಾರಿಗೂ ಕೊಡಬೇಡಿ.

• ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಪಕ್ಕದಲ್ಲಿರಲಿ. ನುಸಿಗುಳಿಗೆ ರೇಷ್ಮೆಗೆ ತಾಗದಿರಲಿ. ಹೆಣೆದ ಟೈಗಳನ್ನು ಸುರುಳಿ ಸುತ್ತಿಡಿ, ತೂಗುಹಾಕಿದರೆ ಜಗ್ಗಿ ಉದ್ದವಾಗುತ್ತವೆ.

• ಇನ್ನು ಗಂಟು. ಸಂಜೆ ಮನೆಗೆ ಬಂದ ಕೂಡಲೇ ಬಿಚ್ಚಿ. ಸಣ್ಣ ತುದಿಯನ್ನು ಸರ್ರನೆ ಎಳೆಯಬೇಡಿ, ಕಟ್ಟಿದ ಕ್ರಮದಲ್ಲೇ ಹಿಂದು ಹಿಂದಾಗಿ ಬಿಚ್ಚಿ, ಒಂದು ರಾತ್ರಿ ತೂಗುಬಿಡಿ. ಮರುದಿನ ಬೇರೆ ಟೈ ಕಟ್ಟಿ. ನಿಮ್ಮ ಮನೆಯ ಬೀರುವಿನಲ್ಲಿ ಅಪ್ಪನದೋ ಅಜ್ಜನದೋ ಟೈ ಗಂಟು ಸಮೇತ ನೇತಾಡುತ್ತಿದ್ದರೆ ಇವತ್ತೇ ಬಿಚ್ಚಿಡಿ.